ಹಳೆ ಮನೆಯ ಹೊರಗೋಡೆಗೆ ಸುಣ್ಣವೇ ಸೂಕ್ತ

ಆರಗ: ಮಿರಜ ತಾಲೂಕಿನ ಗಡಿ ಭಾಗದಲ್ಲಿ ಕರಿಕಲ್ಲು, ಮಣ್ಣಿನಿಂದ ಕಟ್ಟಿದ ಹಳೆ ಮನೆಯ ಮುಂಭಾಗಕ್ಕೆ ಹೊಸ ರೂಪ ಕೊಡಲು ಹೊರಟವರು ಸಿಮೆಂಟ್ ಗಿಲಾವು ಮಾಡಿಸುವ ಮುನ್ನ ಯೋಚಿಸುವುದು ಒಳಿತು. ಮೊದಲಿಗೆ ಚಂದ ಕಾಣುತ್ತದೆ, ನಿಜ. ಆದರೆ ನೆಲದಿಂದ ಏರುವ ತೇವ ಸಿಮೆಂಟಿನ ಹಿಂದೆ ಸಿಕ್ಕಿಬೀಳುತ್ತದೆ. ಒಳಗಿನ ಮಣ್ಣು ಮೆತ್ತಗಾಗಿ ಗಿಲಾವು ಉದುರುತ್ತದೆ, ಗೋಡೆಯೇ ಉಬ್ಬುವುದೂ ಉಂಟು. ಸುಣ್ಣದ ಗಾರೆಯಾದರೆ ತೇವ ಆರಲು ಬಿಡುತ್ತದೆ. ಬಿಳಿ ಸುಣ್ಣ ಬಿಸಿಲನ್ನು ಹಿಂದಕ್ಕೆ ಕಳುಹಿಸುವುದರಿಂದ ಪಶ್ಚಿಮದ ಗೋಡೆ ಬೇಸಿಗೆಯಲ್ಲಿ ಕಡಿಮೆ ಕಾಯುತ್ತದೆ. ಬಣ್ಣ ಬೇಕೆನ್ನುವವರು ಕೆಮ್ಮಣ್ಣು ಬೆರೆಸಬಹುದು.

ಕಲ್ಲು ಗಟ್ಟಿಯಾಗಿ ಕೂತಿದ್ದರೆ ಸಂದು ಮಾತ್ರ ತುಂಬಿಸಿದರೆ ಸಾಕು. ಆ ಚೆಲುವು ಯಾವ ಟೈಲ್ಸಿಗೂ ಬರುವುದಿಲ್ಲ. ಮಾಳಿಗೆಯ ನೀರು ಗೋಡೆಗೆ ಇಳಿಯುತ್ತಿದ್ದರೆ ಮೊದಲು ಅದನ್ನು ತಡೆಯಬೇಕು. ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ ಎರಡು ಮೂರು ಸಲ ಸುಣ್ಣ ಬಳಿಯಬೇಕು. ಕಣ್ಣಿಗೆ ಸಿಡಿಯದಂತೆ ಎಚ್ಚರ ಅಗತ್ಯ.