ಮನೆಯ ಕೈತೋಟದಲ್ಲಿ ಉಡ ಕಂಡುಬಂದಾಗ: ಸಾರ್ವಜನಿಕರಿಗೆ ಮಾಹಿತಿ

ಊರಂಚಿನ ಬಡಾವಣೆ ಹಾಗೂ ತೋಟದ ಮನೆಗಳಲ್ಲಿ ಉಡವು ಕಾಣಿಸಿಕೊಳ್ಳುವುದು ಅಪರೂಪವಲ್ಲ. ಸೀಳು ನಾಲಿಗೆಯನ್ನು ಹೊರಚಾಚುವ ಇದನ್ನು, ವಿಶೇಷವಾಗಿ ಮೈಮೇಲೆ ಚುಕ್ಕೆಗಳಿರುವ ಮರಿಯನ್ನು, ವಿಷಜಂತುವೆಂದು ಭಾವಿಸಿ ಕೊಲ್ಲುವುದುಂಟು. ಉಡದ ಕಡಿತದಿಂದ ಮನುಷ್ಯನ ಪ್ರಾಣಕ್ಕೆ ಅಪಾಯವಿಲ್ಲ. ಇಲಿ, ಜೀರುಂಡೆ, ಬಸವನಹುಳು, ಮೊಟ್ಟೆ ಹಾಗೂ ಸತ್ತ ಪ್ರಾಣಿಗಳು ಇದರ ಆಹಾರ. ಹಾವುರಾಣಿ ಮತ್ತು ಓತಿಕ್ಯಾತಗಳೂ ವಿಷರಹಿತ. ಹಾವುರಾಣಿಯ ಕುರಿತು ಪ್ರಚಲಿತವಿರುವ ಭಯಕ್ಕೆ ಆಧಾರವಿಲ್ಲ.

ಉಡವು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿ 1ರಲ್ಲಿ ಸೇರಿದೆ. ಈ ಅಧಿನಿಯಮದಲ್ಲಿ 'ಬೇಟೆ' ಎಂಬ ಪದವು ಕೊಲ್ಲುವುದಕ್ಕೆ ಮಾತ್ರ ಸೀಮಿತವಲ್ಲ. ಹಿಡಿಯುವುದು, ಉರುಳು ಒಡ್ಡುವುದು, ಮೊಟ್ಟೆಗಳಿಗೆ ಹಾನಿ ಮಾಡುವುದು ಸಹ ಅದರಲ್ಲಿ ಒಳಗೊಂಡಿದೆ. ಸ್ವಂತ ಜಮೀನಿನಲ್ಲಿ ಹಿಡಿದೆನೆಂಬ ಅಥವಾ ಕೋಳಿಮೊಟ್ಟೆ ತಿಂದಿತೆಂಬ ಕಾರಣದಿಂದ ವಿನಾಯಿತಿ ದೊರೆಯುವುದಿಲ್ಲ. 2022ರ ತಿದ್ದುಪಡಿಯನ್ವಯ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾವಾಸ ಹಾಗೂ ರೂ. 25,000ಕ್ಕೆ ಕಡಿಮೆಯಿಲ್ಲದ ಜುಲ್ಮಾನೆ ವಿಧಿಸಬಹುದಾಗಿದೆ. ಮಾಂಸಕ್ಕಾಗಿ ಹಿಡಿಯುವವರನ್ನು ಮನೆಗೆ ಕರೆಸಿ ಒಪ್ಪಿಸುವವರೂ ಅಪರಾಧದಲ್ಲಿ ಭಾಗಿಗಳಾಗುತ್ತಾರೆ. 'ಹತ್ತಾ ಜೋಡಿ' ಎಂಬ ಹೆಸರಿನಲ್ಲಿ ಬೇರೆಂದು ಮಾರಲಾಗುವ ವಸ್ತುವು ಗಂಡು ಉಡದ ಒಣಗಿಸಿದ ಜನನಾಂಗವಾಗಿದ್ದು, ಅದನ್ನು ಕೊಳ್ಳುವುದೂ ಅಪರಾಧವೇ ಆಗಿರುತ್ತದೆ.

ಉಡ ಕಂಡಲ್ಲಿ ದೂರ ಸರಿದು, ನಾಯಿಗಳನ್ನು ಕಟ್ಟಿಹಾಕಿ, ಅದು ಹೋಗಲು ದಾರಿ ಬಿಡತಕ್ಕದ್ದು. ಸಾಮಾನ್ಯವಾಗಿ ಅದು ತಾನಾಗಿಯೇ ಹೊರಟುಹೋಗುತ್ತದೆ. ಬಾಲ ಹಿಡಿದು ಎಳೆಯಬಾರದು: 'ಉಡದ ಪಟ್ಟು' ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ, ಸಂದಿನಲ್ಲಿ ಮೈ ಉಬ್ಬಿಸಿ ಉಗುರು ಊರಿದ ಉಡವನ್ನು ಎಳೆದರೆ ಅದಕ್ಕೆ ಗಾಯವಾಗುವುದಲ್ಲದೆ ಎಳೆದವರಿಗೂ ಬಾಲದ ಏಟು, ಕಡಿತ ತಪ್ಪದು. ಕಡಿದಲ್ಲಿ ಗಾಯವನ್ನು ಸಾಬೂನು ನೀರಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು. ಮಣ್ಣು ಅಗೆಯುವಾಗ ಮೊಟ್ಟೆಗಳು ದೊರೆತರೆ ಅವನ್ನು ತಿರುಗಿಸದೆ, ಇದ್ದಂತೆಯೇ ಮುಚ್ಚುವುದು.

ಬಾವಿ, ತೊಟ್ಟಿ ಅಥವಾ ಕೋಣೆಯೊಳಗೆ ಸಿಲುಕಿದ್ದಲ್ಲಿ, ಗಾಯಗೊಂಡಿದ್ದಲ್ಲಿ ಮಾತ್ರ ಸ್ಥಳೀಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ದೂರವಾಣಿ ಮೂಲಕ ಅಥವಾ ಖುದ್ದಾಗಿ ತಿಳಿಸುವುದು. ವಿಳಾಸ, ಗುರುತಿನ ಸ್ಥಳ, ಪ್ರಾಣಿ ಇರುವ ಜಾಗವನ್ನು ಸ್ಪಷ್ಟವಾಗಿ ಹೇಳಿದಲ್ಲಿ ಸಿಬ್ಬಂದಿ ಬೇಗನೆ ತಲುಪಲು ಅನುಕೂಲವಾಗುತ್ತದೆ. ಅವರು ಬರುವವರೆಗೆ ಕೋಣೆಯ ಬಾಗಿಲು ಮುಚ್ಚಿ, ಜನ ಗುಂಪುಗೂಡದಂತೆ ನೋಡಿಕೊಳ್ಳಲು ಕೋರಲಾಗಿದೆ.