ದೀಪವಾರಿದ ಊರುಗಳ ಕುರುಹು

ಜನವಸತಿ ಅಳಿದ ಊರನ್ನು ಕಂದಾಯ ದಫ್ತರಗಳು ‘ಬೇಚರಾಕ’ ಗ್ರಾಮವೆಂದು ಕರೆಯುತ್ತವೆ. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪವಿಲ್ಲದ ಊರೆಂಬುದು ಈ ಪಾರಸಿ ಮಾತಿನ ಅರ್ಥ. ರಾಣೆಬೆನ್ನೂರು ಸೀಮೆಯ ಜನ ಇದನ್ನೇ ಹಾಳೂರು ಎನ್ನುವರು. ನೆರೆ, ಸಾಂಕ್ರಾಮಿಕ ರೋಗ, 1876-78ರ ಧಾತು ಬರಗಾಲದಂತಹ ಕ್ಷಾಮಗಳು ಊರುಗಳನ್ನು ಬರಿದುಮಾಡಿದ ಕಾರಣಗಳಾಗಿವೆ.

ಮನೆಗಳು ಬಿದ್ದರೂ ಊರಿನ ಹೆಸರು ಸರ್ವೆ ನಂಬರುಗಳೊಡನೆ ದಫ್ತರದಲ್ಲಿ ಉಳಿಯುತ್ತದೆ. ನೆಲದ ಮೇಲೆ ಉಳಿಯುವವು ಒಂಟಿ ಹನುಮಂತನ ಗುಡಿ, ಹೂಳು ತುಂಬಿದ ಬಾವಿ, ವೀರಗಲ್ಲು, ಮಡಕೆಯ ಚೂರು, ಬೂದಿಬಣ್ಣದ ಮಣ್ಣು. ಇವು ಕ್ಷುಲ್ಲಕವೆಂದು ಬಗೆಯಲಾಗದು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನವು ಇಂತಹ ದಿಬ್ಬದ ಒಡಲಿನಿಂದಲೇ ನವಶಿಲಾಯುಗದ ವಸತಿಯನ್ನೂ, ಕ್ರಿ. ಪೂ. 1000ದ ಸುಮಾರಿನ ಕಬ್ಬಿಣದ ಬಳಕೆಯನ್ನೂ ಬೆಳಕಿಗೆ ತಂದಿತು.

ಅಕ್ಷಾಂಶ-ರೇಖಾಂಶಗಳ ಜಾಡು ಹಿಡಿದು ಬಚ್ಚಿಟ್ಟ ವಸ್ತುವನ್ನು ಹುಡುಕುವ ಜಿಯೋಕ್ಯಾಚಿಂಗ್ ಎಂಬ ಆಟ 2000ದ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಹುಟ್ಟಿತು. ಇಂದು ಕೈಯೊಳಗಿನ ಮೊಬೈಲೇ ಸ್ಥಳವನ್ನು ಕೆಲವು ಮೀಟರುಗಳ ಅಂತರದಲ್ಲಿ ಗುರುತಿಸಬಲ್ಲದು. ಈ ಸಾಧನವನ್ನು ತರುಣರು ಹಾಳೂರುಗಳತ್ತ ತಿರುಗಿಸುವುದು ಉಚಿತ. ಹೊಲದೊಡೆಯನ ಅಪ್ಪಣೆ ಪಡೆದು, ಶಾಸನವನ್ನಾಗಲಿ ವೀರಗಲ್ಲನ್ನಾಗಲಿ ಕದಲಿಸದೆ, ಅದು ನಿಂತ ನೆಲೆಯನ್ನೂ ಹಿರಿಯರು ಹೇಳುವ ಹೆಸರನ್ನೂ ಬರೆದಿಡಬೇಕು. ನೆಲೆ ತಪ್ಪಿದ ಕಲ್ಲು ತನ್ನ ಊರಿನ ಸಾಕ್ಷ್ಯವನ್ನು ಅರ್ಧ ಕಳೆದುಕೊಳ್ಳುತ್ತದೆ. ನೇಗಿಲು ತಿರುಗಿ ಗುರುತಳಿದ ಮೇಲೆ ಶಾಸನದಲ್ಲಿನ ಊರ ಹೆಸರಿಗೆ ನೆಲವನ್ನು ತೋರಿಸುವವರು ದೊರೆಯರು.