ವೈದ್ಯಕೀಯ ಪ್ರವೇಶದಲ್ಲಿ ಸರಾಸರಿ ಜಿಪಿಎ (ಅಮೆರಿಕ)

ಅಮೆರಿಕದ ವೈದ್ಯಕೀಯ ಕಾಲೇಜುಗಳಿಗೆ ಸೇರಿದ ವಿದ್ಯಾರ್ಥಿಗಳು ಪದವಿಯಲ್ಲಿ ಗಳಿಸಿದ್ದ ಗ್ರೇಡುಗಳ ಸರಾಸರಿ. ಅಲ್ಲಿ ವೈದ್ಯಕೀಯ ಓದು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿಯ ನಂತರ ಶುರುವಾಗುತ್ತದೆ. ಹಾಗಾಗಿ 4.0ಕ್ಕೆ ಲೆಕ್ಕ ಹಾಕುವ ಜಿಪಿಎ, 472ರಿಂದ 528ರವರೆಗೆ ಅಂಕ ಕೊಡುವ ಪ್ರವೇಶ ಪರೀಕ್ಷೆ ಎಂಕ್ಯಾಟ್, ಇವೆರಡೂ ಅರ್ಜಿಯ ಮುಖ್ಯ ಸಂಖ್ಯೆಗಳು. ವೈದ್ಯಕೀಯ ಕಾಲೇಜುಗಳ ಸಂಘವಾದ ಎಎಎಂಸಿಯ ಪ್ರಕಾರ 2023–24ರಲ್ಲಿ ಎಂಡಿ (ಅಲ್ಲಿನ ವೈದ್ಯ ಪದವಿ) ಕೋರ್ಸಿಗೆ ಸೇರಿದವರ ಸರಾಸರಿ ಜಿಪಿಎ ಸುಮಾರು 3.77, ಅರ್ಜಿ ಹಾಕಿದವರೆಲ್ಲರದು ಸುಮಾರು 3.64.

ಈ 3.77 ಕಟ್‌ಆಫ್ ಅಲ್ಲ. ಕರ್ನಾಟಕದಲ್ಲಿ ನೀಟ್ ರ‍್ಯಾಂಕಿನ ಮೇಲೆ ಸೀಟು ಹಂಚುವಾಗ ಕಾಲೇಜಿನ ಕೊನೆಯ ರ‍್ಯಾಂಕ್ ನಿಜವಾದ ಗೆರೆ. ಅದನ್ನು ನೋಡಿ ರೂಢಿಯಾದ ಕಣ್ಣಿಗೆ ಅಮೆರಿಕದ ಸರಾಸರಿಯೂ ಗೆರೆಯಂತೆಯೇ ಕಾಣುತ್ತದೆ. ಆದರೆ ಸರಾಸರಿಗಿಂತ ಕೆಳಗಿರುವ ಬಹಳಷ್ಟು ಮಂದಿ ಒಳಗೆ ಸೇರಿದ್ದರಿಂದಲೇ ಆ ಸಂಖ್ಯೆ ಹುಟ್ಟಿದೆ.

ಇನ್ನೊಂದು ತೊಡಕು ಅಂಕಗಳ ಹರಡಿಕೆಯಲ್ಲಿದೆ. ಜಿಪಿಎ 4.0ರ ಮೇಲೆ ಹೋಗಲಾರದು, ಕೆಳಗೆ ಮಾತ್ರ ದೂರ ಜಾರಬಲ್ಲದು. ಐವರ ಜಿಪಿಎ 3.95, 3.92, 3.90, 3.85, 3.23 ಎಂದಿಟ್ಟುಕೊಳ್ಳಿ. ಸರಾಸರಿ 3.77, ಆದರೆ ನಾಲ್ವರು ಅದಕ್ಕಿಂತ ಮೇಲಿದ್ದಾರೆ, ಮಧ್ಯಾಂಕ 3.90. ಸರಾಸರಿಯನ್ನು ಮುಟ್ಟಿದವರು ತಾವು ಗುಂಪಿನ ನಡುವೆ ಇದ್ದೇವೆಂದು ತಿಳಿದರೆ ತಪ್ಪಾದೀತು. ಎಎಎಂಸಿಯ ಎಂಎಸ್‌ಎಆರ್ ಕೈಪಿಡಿ ಪ್ರತಿ ಕಾಲೇಜಿನ ಮಧ್ಯಾಂಕದ ಜೊತೆ 10ನೇ ಮತ್ತು 90ನೇ ಪರ್ಸೆಂಟೈಲನ್ನೂ ಕೊಡುತ್ತದೆ. ಅರ್ಜಿದಾರರಿಗೆ ಹೆಚ್ಚು ಉಪಯೋಗಕ್ಕೆ ಬರುವುದು 10ನೆಯದು: ಆ ಕಾಲೇಜು ಎಷ್ಟು ಕೆಳಗಿನವರೆಗೆ ಕೈ ಚಾಚಿದೆ ಎಂಬುದನ್ನು ಅದು ತೋರಿಸುತ್ತದೆ.

ಹೋಲಿಸುವ ಮೊದಲು ತಮ್ಮ ಜಿಪಿಎ ಯಾವುದೆಂದೂ ಗಮನಿಸಬೇಕು. ಬಹುತೇಕ ಎಂಡಿ ಅರ್ಜಿಗಳನ್ನು ಸ್ವೀಕರಿಸುವ ಎಎಂಕ್ಯಾಸ್, ಕಾಲೇಜಿನ ಅಂಕಪಟ್ಟಿಯ ಜಿಪಿಎಯನ್ನು ಹಾಗೆಯೇ ಒಪ್ಪದೆ ಹೊಸದಾಗಿ ಲೆಕ್ಕ ಹಾಕುತ್ತದೆ. ಎ ಪ್ಲಸ್‌ಗೂ 4.0 ಮಾತ್ರ. ಒಂದೇ ವಿಷಯವನ್ನು ಎರಡು ಸಲ ಓದಿದ್ದರೆ ಎರಡೂ ಗ್ರೇಡು ಸೇರುತ್ತವೆ. ಮೊದಲು ಎಫ್, ಆಮೇಲೆ ಎ ಬಂದಿದ್ದರೆ ಆ ವಿಷಯದ ಪಾಲಿಗೆ 2.0 ಉಳಿಯುತ್ತದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತಗಳ ಜಿಪಿಎಯನ್ನು ಬೇರೆಯಾಗಿಯೂ ತೆಗೆಯಲಾಗುತ್ತದೆ.

ಒಂದು ಕಾಲೇಜಿನಲ್ಲಿ ಸೀಟು ಸಿಕ್ಕವರ ಅಂಕಿಯೇ ಬೇರೆ, ಸೇರಿದವರ ಅಂಕಿಯೇ ಬೇರೆ. ಅತಿ ಹೆಚ್ಚು ಅಂಕದವರಿಗೆ ಹಲವು ಕಡೆ ಸೀಟು ಸಿಕ್ಕರೂ ಸೇರುವುದು ಒಂದೇ ಕಡೆ. ಆದ್ದರಿಂದ ಮೊದಲನೆಯದು ಹೆಚ್ಚಾಗಿರುವುದೇ ಸಾಮಾನ್ಯ. ಸರ್ಕಾರಿ ವಿಶ್ವವಿದ್ಯಾಲಯಗಳು ಸ್ವಂತ ರಾಜ್ಯದವರಿಗೆ ಆದ್ಯತೆ ಕೊಡುವುದರಿಂದ, ಅವುಗಳ ಒಟ್ಟು ಸರಾಸರಿ ನೋಡಿ ಹೊರರಾಜ್ಯದವರು ಧೈರ್ಯ ತಂದುಕೊಳ್ಳುವುದು ಅಪಾಯ.

ಜಿಪಿಎ ಮತ್ತು ಎಂಕ್ಯಾಟನ್ನು ಒಟ್ಟಿಗಿಟ್ಟು, ಯಾವ ಜೋಡಿಗೆ ನೂರಕ್ಕೆ ಎಷ್ಟು ಮಂದಿಗೆ ಸೀಟು ಸಿಕ್ಕಿತೆಂಬ ಕೋಷ್ಟಕವನ್ನೂ ಎಎಎಂಸಿ ಪ್ರಕಟಿಸುತ್ತದೆ. ಒಂಟಿ ಸರಾಸರಿಗಿಂತ ಇದು ಪ್ರಾಮಾಣಿಕ ಚಿತ್ರ. ಜಿಪಿಎ 3.79ಕ್ಕಿಂತ, ಎಂಕ್ಯಾಟ್ 517ಕ್ಕಿಂತ ಹೆಚ್ಚಿರುವ ಮೇಲ್ತುದಿಯ ಚೌಕದಲ್ಲೂ ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಯಾವ ಎಂಡಿ ಕಾಲೇಜಿನಲ್ಲೂ ಸೀಟು ಸಿಗದೆ ಉಳಿಯುತ್ತಾರೆ.